ಯಾವ ದಿನಾಂಕದ ನಿಯಮ ಯಾರಿಗೆ: ವಲಸೆ ಸಲಹೆಗಾರ್ತಿಯಾಗಿ ನನ್ನ ಅನುಭವ

ಬ್ರಿಟನ್ನಿನಲ್ಲಿ ವಲಸೆ ಸಲಹೆಯನ್ನು ವೃತ್ತಿಯಾಗಿ ಕೊಡಬೇಕಾದರೆ, ಶುಲ್ಕ ಪಡೆಯಲಿ ಬಿಡಲಿ, ವಕೀಲರಾಗಿರಬೇಕು ಅಥವಾ 1999ರ ವಲಸೆ ಮತ್ತು ಆಶ್ರಯ ಕಾಯ್ದೆಯಂತೆ ನೋಂದಾಯಿತ ಸಲಹೆಗಾರರಾಗಿರಬೇಕು. ನಾನು ನೋಂದಾಯಿತ ಸಲಹೆಗಾರ್ತಿ. ನನ್ನ ಕೆಲಸವನ್ನು ನಾನು ನಿಜವಾಗಿ ಕಲಿತದ್ದು ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

2023ರ ಡಿಸೆಂಬರ್ 4ರಂದು ಗೃಹ ಸಚಿವರು ಸಂಸತ್ತಿನಲ್ಲಿ ವಲಸೆಯನ್ನು ಕಡಿಮೆ ಮಾಡುವ ಕ್ರಮಗಳನ್ನು ಘೋಷಿಸಿದರು. ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವಾರ್ಷಿಕ ಆದಾಯ 18,600 ಪೌಂಡ್‌ನಿಂದ 38,700 ಪೌಂಡ್‌ಗೆ ಏರಲಿದೆ ಎಂಬುದು ಅವುಗಳಲ್ಲೊಂದು. ಅದೇ ಸಂಜೆ, ವರ್ಷಕ್ಕೆ 31,000 ಪೌಂಡ್ ಗಳಿಸುತ್ತಿದ್ದ ಯುವಕನೊಬ್ಬ ನನಗೆ ಫೋನ್ ಮಾಡಿದ. ವಸಂತದ ನಂತರ ಅವಕಾಶವೇ ಇರುವುದಿಲ್ಲ ಎಂದು ನಾನು ಖಚಿತವಾಗಿ ಹೇಳಿಬಿಟ್ಟೆ. ಎರಡೂ ಮನೆಯವರು ಮದುವೆಯನ್ನು ನಿಗದಿಗಿಂತ ಹಲವು ತಿಂಗಳು ಮೊದಲೇ ಆತುರದಲ್ಲಿ ಮುಗಿಸಿದರು; ಹುಡುಗಿಯ ಅಜ್ಜಿಗೆ ಬರಲಾಗಲಿಲ್ಲ. ಡಿಸೆಂಬರ್ 21ರ ಹೊತ್ತಿಗೆ ಸರ್ಕಾರವೇ ಮೊದಲ ಹಂತದಲ್ಲಿ ಮಿತಿ 29,000 ಪೌಂಡ್ ಮಾತ್ರ ಎಂದು ಸ್ಪಷ್ಟಪಡಿಸಿತು. ಆ ಯುವಕ ನಿಧಾನವಾಗಿ ಮದುವೆಯಾಗಿದ್ದರೂ ಏನೂ ಕೆಡುತ್ತಿರಲಿಲ್ಲ. ಆ ಅಜ್ಜಿಯನ್ನು ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.

ಅಂದಿನಿಂದ ಘೋಷಣೆಯ ಆಧಾರದ ಮೇಲೆ ನಾನು ಯಾರಿಗೂ ಸಲಹೆ ಕೊಟ್ಟಿಲ್ಲ. ಬ್ರಿಟನ್ನಿನ ವಲಸೆ ನಿಯಮಗಳು ಬದಲಾಗುವುದು ಸಂಸತ್ತಿನ ಮುಂದಿಡುವ ಬದಲಾವಣೆಯ ಹೇಳಿಕೆಯ ಮೂಲಕ. ಆ ಸಲದ ಹೇಳಿಕೆ ಬಂದದ್ದು 2024ರ ಮಾರ್ಚ್ 14ರಂದು. ಅಂಥ ಹೇಳಿಕೆ ಬಂದಾಗ ಎಲ್ಲರೂ ಮೊದಲು ಹುಡುಕುವುದು ಹೊಸ ಮೊತ್ತವನ್ನು. ನಾನು ಮೊದಲು ಓದುವುದು ಆರಂಭದಲ್ಲಿರುವ ಜಾರಿ ದಿನಾಂಕಗಳ ಭಾಗವನ್ನು, ಯಾರಿಗೆ ಹಳೆಯ ನಿಯಮ ಉಳಿಯುತ್ತದೆ ಎಂದು ಹೇಳುವ ಸಾಲುಗಳನ್ನು. ಏಕೆಂದರೆ ಅಂಥ ಸಾಲು ಇಲ್ಲದಿದ್ದರೆ ಅರ್ಜಿ ಹಾಕಿದ ದಿನದ ನಿಯಮವಲ್ಲ, ತೀರ್ಮಾನದ ದಿನದ ನಿಯಮವೇ ಅನ್ವಯಿಸುತ್ತದೆ ಎಂದು ವೈದ್ಯೆಯೊಬ್ಬರ ಪ್ರಕರಣದಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2009ರಲ್ಲೇ ಹೇಳಿದೆ.

ಆ ಸಾಲುಗಳು ಎಲ್ಲರಿಗೂ ಒಂದೇ ಆಗಿರುವುದಿಲ್ಲ ಎಂಬುದನ್ನು ವಿವರಿಸಲು ನನಗೆ ಅತಿ ಹೆಚ್ಚು ಸಮಯ ಬೇಕಾಯಿತು. ಸಂಗಾತಿ ವೀಸಾದಲ್ಲಿ ಎಣಿಕೆಗೆ ಬಂದದ್ದು ಅರ್ಜಿಯ ದಿನಾಂಕ: 2024ರ ಏಪ್ರಿಲ್ 11ಕ್ಕೆ ಮೊದಲು ಅರ್ಜಿ ಸಲ್ಲಿಸಿದವರಿಗೆ 18,600 ಪೌಂಡ್ ಮಿತಿ ಉಳಿಯಿತು, ಅದೇ ಸಂಗಾತಿಯೊಂದಿಗೆ ಮುಂದೆ ವೀಸಾ ವಿಸ್ತರಿಸುವಾಗಲೂ ಉಳಿಯಿತು. ಆದರೆ ಕುಶಲ ಕೆಲಸಗಾರರ ವೀಸಾದಲ್ಲಿ, ಸಾಮಾನ್ಯ ಸಂಬಳದ ಮಿತಿ 26,200ರಿಂದ 38,700 ಪೌಂಡ್‌ಗೆ ಏರಿದಾಗ, ಮುಖ್ಯವಾದದ್ದು ಉದ್ಯೋಗದಾತರು ಏಪ್ರಿಲ್ 4ಕ್ಕೆ ಮೊದಲು ಸ್ಪಾನ್ಸರ್‌ಶಿಪ್ ಪ್ರಮಾಣಪತ್ರ (ಈ ಕೆಲಸಕ್ಕೆ ಇವರನ್ನು ಪ್ರಾಯೋಜಿಸುತ್ತೇವೆ ಎಂಬ ದಾಖಲೆ) ಕೊಟ್ಟಿದ್ದಾರೆಯೇ ಎಂಬುದು. ಹಾಗಾಗಿ ಆ ಮೂರು ವಾರ ನಾನು ಅರ್ಜಿದಾರರಿಗಿಂತ ಹೆಚ್ಚಾಗಿ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದವರೊಂದಿಗೇ ಮಾತನಾಡಿದೆ.

ಅವಸರದ ಅರ್ಜಿಯಲ್ಲಿ ದಾಖಲೆಗಳು ಕೈಕೊಡುತ್ತವೆ. ಒಬ್ಬಾಕೆ ನಾಲ್ಕು ತಿಂಗಳ ಹಿಂದಷ್ಟೇ ಕೆಲಸ ಬದಲಿಸಿದ್ದರು. ಒಂದೇ ಕಡೆಯ ಆರು ತಿಂಗಳ ಸಂಬಳ ಚೀಟಿಗಳನ್ನು ಕೇಳುವ ವಿಧಾನದಲ್ಲಿ ಅವರ ಅರ್ಜಿ ನಿಲ್ಲುತ್ತಿರಲಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಕೈಸೇರಿದ ಒಟ್ಟು ಸಂಬಳವನ್ನೂ ಈಗಿನ ಸಂಬಳವನ್ನೂ ತೋರಿಸುವ ಇನ್ನೊಂದು ವಿಧಾನವಿದೆ. ಹಳೆಯ ಕಂಪನಿಯಿಂದ ಚೀಟಿಗಳನ್ನು ತರಿಸಿ, ಬ್ಯಾಂಕ್ ವಿವರದ ಪ್ರತಿ ಜಮೆಯೊಂದಿಗೆ ತಾಳೆ ಹಾಕಿ, ಏಪ್ರಿಲ್ 9ರಂದು ಶುಲ್ಕ ಕಟ್ಟಿಸಿ ಅರ್ಜಿ ಸಲ್ಲಿಸಿದೆವು. ಬೆರಳಚ್ಚು ಕೊಡುವ ದಿನ ತಡವಾಗಿ ಸಿಕ್ಕಿದ್ದರಿಂದ ಅವರು ಬಹಳ ಹೆದರಿದ್ದರು. ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಸಲ್ಲಿಸಿದ ದಿನವೇ ಅರ್ಜಿಯ ದಿನ ಎಂಬುದನ್ನು ಬರೆದು ಕೊಟ್ಟ ಮೇಲೆ ಸಮಾಧಾನವಾಯಿತು. ಆತಂಕದಲ್ಲಿ ಕೇಳಿದ ಮಾತು ನೆನಪಿನಲ್ಲಿ ಬೇರೆಯಾಗಿಬಿಡುತ್ತದೆ. ಆದ್ದರಿಂದ ಪ್ರತಿ ಸಲಹೆಯನ್ನೂ ಪತ್ರದಲ್ಲಿ ಕೊಡುತ್ತೇನೆ.

ಬ್ರಿಟನ್ನಿನಲ್ಲೇ ಇದ್ದು ವಿಸ್ತರಣೆ ಕೇಳುವವರಿಗೆ ಇನ್ನೊಂದು ಎಚ್ಚರಿಕೆ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದರೆ 1971ರ ವಲಸೆ ಕಾಯ್ದೆಯ 3ಸಿ ಕಲಮಿನಂತೆ ಹಳೆಯ ಅನುಮತಿ ತೀರ್ಮಾನ ಬರುವವರೆಗೂ ಮುಂದುವರಿಯುತ್ತದೆ, ಆದರೆ ನಡುವೆ ದೇಶ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ. ಊರಿನಲ್ಲಿ ತಂದೆ ಆಸ್ಪತ್ರೆಯಲ್ಲಿದ್ದಾರೆ ಎಂದವರಿಗೆ ಇದನ್ನು ಹೇಳುವಷ್ಟು ಕಷ್ಟದ ಕೆಲಸ ನನಗೆ ಇನ್ನೊಂದಿಲ್ಲ.

2025ರ ಮೇ 12ರಂದು ಕಾಯಂ ವಾಸಕ್ಕೆ ಸಾಮಾನ್ಯವಾಗಿ ಐದರ ಬದಲು ಹತ್ತು ವರ್ಷ ಕಾಯಬೇಕೆಂಬ ಪ್ರಸ್ತಾಪದ ಶ್ವೇತಪತ್ರ ಪ್ರಕಟವಾದಾಗ ನನ್ನ ಫೋನ್ ಮತ್ತೆ ಬಿಡುವಿಲ್ಲದೆ ರಿಂಗಣಿಸಿತು. ಇದು ಪ್ರಸ್ತಾಪ, ಇನ್ನೂ ನಿಯಮವಲ್ಲ ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಐದು ವರ್ಷ ತುಂಬಲು ಎಷ್ಟು ದಿನ ಉಳಿದಿದೆ ಎಂದು ಕೇಳಿ ಬರೆದುಕೊಂಡೆ. ನಂತರ ಪಾಸ್‌ಪೋರ್ಟ್ ತೆಗೆದುಕೊಂಡು ಕುಳಿತು, ವಿದೇಶಕ್ಕೆ ಹೋದ ಮತ್ತು ಮರಳಿದ ದಿನಗಳನ್ನೆಲ್ಲ ಪಟ್ಟಿ ಮಾಡಿ, ಯಾವುದೇ ಹನ್ನೆರಡು ತಿಂಗಳಲ್ಲಿ ಹೊರಗಿದ್ದ ದಿನಗಳು ಕಾಯಂ ವಾಸಕ್ಕೆ ಇರುವ 180 ದಿನಗಳ ಮಿತಿಯನ್ನು ಮೀರಿವೆಯೇ ಎಂದು ಎಣಿಸಿ ಕಳುಹಿಸಲು ಹೇಳಿದೆ. ಆ ವಾರ ಬಂದ ಪಟ್ಟಿಗಳಲ್ಲಿ ಒಂದರಲ್ಲಿ 176 ದಿನಗಳಿದ್ದವು. ಅವರು ಮುಂದಿನ ತಿಂಗಳಿಗೆ ಕಾಯ್ದಿರಿಸಿದ್ದ ಟಿಕೆಟನ್ನು ರದ್ದು ಮಾಡಿಸಿದೆವು.