ಇಲ್ಲದ ಸನ್ಯಾಸಿಯ ಹೆಸರಿನ ಪುಸ್ತಕ: ನನ್ನ ಅನುಭವ

ಇಂಗ್ಲೆಂಡಿನ ಒಂದು ಗ್ರಂಥಾಲಯದಲ್ಲಿ ಹಳೆಯ ಮುದ್ರಿತ ಪುಸ್ತಕಗಳ ಕ್ಯಾಟಲಾಗ್ ಮಾಡುವುದು ನನ್ನ ಕೆಲಸ. ಒಂದು ಚಳಿಗಾಲದಲ್ಲಿ ನನ್ನ ಮೇಜಿಗೆ ದಪ್ಪನೆಯ ಫೋಲಿಯೊ, ಅಂದರೆ ದೊಡ್ಡ ಅಳತೆಯ ಪುಸ್ತಕ ಒಂದು ಬಂತು. ಕರುವಿನ ಚರ್ಮದ ರಟ್ಟು, ಬೆನ್ನು ಸೀಳಿತ್ತು. ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಆ ಕಾಲದ ಜರ್ಮನ್ ಮುದ್ರಣಗಳಲ್ಲಿ ಇದು ಜಾಸ್ತಿ. ಶೀರ್ಷಿಕೆ ಪುಟದಲ್ಲಿ ರೆಕ್ಕೆಯ ಕುದುರೆ, ಪೆಗಾಸಸ್. ವೆಕೆಲ್ ಮುದ್ರಣಾಲಯದ ಗುರುತು ಅದು. ಫ್ರಾಂಕ್‌ಫರ್ಟ್, 1601.

ಒಳಗೆ ಇಂಗ್ಲೆಂಡಿನ ಎರಡು ಲ್ಯಾಟಿನ್ ಚರಿತ್ರೆಗಳು. ಮೊದಲನೆಯದು 'ಫ್ಲೋರೆಸ್ ಹಿಸ್ಟೋರಿಯಾರಮ್', ಅಂದರೆ ಇತಿಹಾಸದ ಹೂಗಳು. ಜಗತ್ತಿನ ಹುಟ್ಟಿನಿಂದ 1307ರವರೆಗಿನ ಕಥೆ. ಬರೆದವನು 'ವೆಸ್ಟ್‌ಮಿನ್‌ಸ್ಟರಿನ ಮ್ಯಾಥ್ಯೂ' ಎಂದು ಅಚ್ಚಾಗಿದೆ. ಎರಡನೆಯದು 'ಕ್ರಾನಿಕನ್ ಎಕ್ಸ್ ಕ್ರಾನಿಕಿಸ್', ಅಂದರೆ ಚರಿತ್ರೆಗಳಿಂದ ಆಯ್ದ ಚರಿತ್ರೆ. 'ವೂಸ್ಟರಿನ ಫ್ಲಾರೆನ್ಸ್' ಬರೆದದ್ದಂತೆ. ನಾನು ಇದ್ದದ್ದನ್ನು ಇದ್ದ ಹಾಗೆ ನಂಬಿ, ಇಬ್ಬರನ್ನೂ ಲೇಖಕರ ಜಾಗದಲ್ಲಿ ಹಾಕಿಬಿಟ್ಟೆ. ಮರುದಿನ ದಾಖಲೆ ನೋಡಿದ ಹಿರಿಯ ಸಹೋದ್ಯೋಗಿ, ಮ್ಯಾಥ್ಯೂ ಎನ್ನುವವನು ಇರಲೇ ಇಲ್ಲ ಎಂದರು. ಫ್ಲಾರೆನ್ಸ್ ಇದ್ದ, ಆದರೆ ಪುಸ್ತಕ ಅವನದಲ್ಲ ಅಂತಲೂ ಹೇಳಿದರು.

ದಾಖಲೆಯನ್ನು ತಡೆಹಿಡಿದು ಓದಲು ಕೂತೆ. ಮ್ಯಾಥ್ಯೂನ ಕಥೆ ಬೇಗ ಬಿಡಿಸಿಕೊಂಡಿತು. ಮ್ಯಾಂಚೆಸ್ಟರಿನ ಚೆಟಮ್ಸ್ ಗ್ರಂಥಾಲಯದಲ್ಲಿ ಈ ಚರಿತ್ರೆಯ ಮುಖ್ಯ ಹಸ್ತಪ್ರತಿ ಇದೆ. ಅದರಲ್ಲಿ 1265ರವರೆಗಿನ ಭಾಗ ಸೇಂಟ್ ಆಲ್ಬನ್ಸ್ ಮಠದಲ್ಲಿ ಬರೆದದ್ದು. ಅಲ್ಲಿ ಮ್ಯಾಥ್ಯೂ ಪ್ಯಾರಿಸ್ ಎಂಬ ದೊಡ್ಡ ಚರಿತ್ರೆಕಾರನಿದ್ದ. ಆಮೇಲೆ ಪುಸ್ತಕ ವೆಸ್ಟ್‌ಮಿನ್‌ಸ್ಟರ್‌ಗೆ ಹೋಯಿತು, ಅಲ್ಲಿನ ಸನ್ಯಾಸಿಗಳು ಮುಂದುವರಿಸಿದರು. ಒಂದು ಮಠದ ಮ್ಯಾಥ್ಯೂ, ಇನ್ನೊಂದು ಮಠದ ಊರು, ಎರಡೂ ಸೇರಿ ಇಲ್ಲದ ಮನುಷ್ಯನೊಬ್ಬ ಹುಟ್ಟಿಕೊಂಡ. ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್ 1567 ಮತ್ತು 1570ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ್ದೂ ಇದೇ ಹೆಸರಲ್ಲಿ. ಅಚ್ಚಾದ ಮೇಲೆ ಹೆಸರು ಗಟ್ಟಿಯಾಗುತ್ತೆ, ಅಲ್ವಾ? 1890ರಲ್ಲಿ ಎಚ್. ಆರ್. ಲೂಅರ್ಡ್ ಮೂರು ಸಂಪುಟಗಳಲ್ಲಿ ಸಂಪಾದಿಸಿದಾಗ ಇದನ್ನೆಲ್ಲ ಬಿಡಿಸಿಟ್ಟರು.

ಫ್ಲಾರೆನ್ಸ್ ವಿಷಯ ನನ್ನನ್ನು ಹಿಡಿದಿಟ್ಟಿತು. ವರ್ಷಗಳನ್ನು ಹಿಡಿದು ಹಾಳೆ ತಿರುವುತ್ತಾ 1118ಕ್ಕೆ ಬಂದೆ. ಅಲ್ಲೇ ಫ್ಲಾರೆನ್ಸ್ ತೀರಿಕೊಂಡ ಸುದ್ದಿ! ಅವನ ಸೂಕ್ಷ್ಮ ಜ್ಞಾನ, ಶ್ರಮದಿಂದ ಈ ಚರಿತ್ರೆ ಉಳಿದೆಲ್ಲವನ್ನೂ ಮೀರಿಸಿದೆ ಎಂಬ ಹೊಗಳಿಕೆಯೂ ಇದೆ. ಈ ಮಾತೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಆದರೆ ಅವನು ಸತ್ತ ಮೇಲಿನ ವರ್ಷಗಳಲ್ಲೂ ಬರವಣಿಗೆಯ ಧಾಟಿ ಬದಲಾಗುವುದಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿದೆ. 1118ಕ್ಕೆ ಮುಂಚಿನ ಭಾಗದಲ್ಲೇ ಕ್ಯಾಂಟರ್ಬರಿಯ ಎಡ್ಮರ್ ಬರೆದ ಇತಿಹಾಸದಿಂದ ಎತ್ತಿಕೊಂಡ ಸಾಲುಗಳಿವೆ. ಎಡ್ಮರ್ ಅದನ್ನು ಮುಗಿಸಿದ್ದು ಫ್ಲಾರೆನ್ಸ್ ಸತ್ತ ಮೇಲೆ. ವೂಸ್ಟರಿನ ಸನ್ಯಾಸಿ ಜಾನ್ ಇದನ್ನು ಬರೆಯುತ್ತಿದ್ದ ಎಂದು ಆ ಕಾಲದವನೇ ಆದ ಚರಿತ್ರೆಕಾರ ಆರ್ಡೆರಿಕ್ ವಿಟಾಲಿಸ್ ಹೇಳಿದ್ದಾನೆ. ಫ್ಲಾರೆನ್ಸ್ ಸಹಾಯ ಮಾಡಿರಬೇಕು. ಆದರೆ ಪುಸ್ತಕ ಜಾನ್‌ನದು ಎನ್ನುವುದೇ ಈಗಿನವರ ಮಾತು, ನನಗೂ ಅದೇ ಸರಿ ಅನ್ನಿಸಿತು.

ನನಗೆ ಕವಿರಾಜಮಾರ್ಗ ನೆನಪಾಯಿತು. 'ನೃಪತುಂಗದೇವಾನುಮತ' ಎಂದಿದ್ದದ್ದಕ್ಕೆ ನೃಪತುಂಗನೇ ಬರೆದ ಎಂದು ಎಷ್ಟು ಜನ ನಂಬಿದ್ದರು. ಅದು ಶ್ರೀವಿಜಯನ ಕೃತಿ ಎಂದು ನಾನು ಓದಿದ್ದು ಕಾಲೇಜಿನಲ್ಲಿ.

ದಾಖಲೆಯನ್ನು ಮತ್ತೆ ಮೊದಲಿಂದ ಮಾಡಿದೆ. ಶೀರ್ಷಿಕೆ ಪುಟವನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿದೆ, ತಪ್ಪು ಹೆಸರುಗಳ ಸಮೇತ. ಅಲ್ಲಿ ತಿದ್ದುವ ಹಕ್ಕು ನನಗಿಲ್ಲ. ಲೇಖಕನ ಜಾಗದಿಂದ ಮ್ಯಾಥ್ಯೂನನ್ನು ತೆಗೆದು, ಮೊದಲ ಚರಿತ್ರೆಯನ್ನು ಅದರ ಶೀರ್ಷಿಕೆಯ ಕೆಳಗೇ ಇಟ್ಟೆ. ಎರಡನೆಯದನ್ನು ವೂಸ್ಟರಿನ ಜಾನ್ ಹೆಸರಿಗೆ ಕೊಟ್ಟೆ. ಆದರೆ ಮ್ಯಾಥ್ಯೂ, ಫ್ಲಾರೆನ್ಸ್ ಇಬ್ಬರನ್ನೂ 'ಹಿಂದೆ ಇವರದೆಂದು ಹೇಳಲಾದದ್ದು' ಎಂದು ಬೇರೆ ಸಾಲಿನಲ್ಲಿ ಉಳಿಸಿದೆ. ಕಾರಣವನ್ನು ಟಿಪ್ಪಣಿಯಲ್ಲಿ ಎರಡೇ ವಾಕ್ಯದಲ್ಲಿ ಬರೆದೆ. ಎರಡು ದಿನ ಹಿಡಿಯಿತು. ಕೆಲವು ಕ್ಯಾಟಲಾಗ್‌ಗಳಲ್ಲಿ ತಪ್ಪು ಹೆಸರನ್ನು ಪೂರ್ತಿ ಅಳಿಸಿಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಮುನ್ನೂರು ವರ್ಷದ ಅಡಿಟಿಪ್ಪಣಿಗಳೆಲ್ಲ ಆ ಹೆಸರನ್ನೇ ಹೇಳುತ್ತವೆ.

ಕೆಲವು ತಿಂಗಳಾದ ಮೇಲೆ ವಯಸ್ಸಾದ ಓದುಗರೊಬ್ಬರು ಬಂದರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಯಾವುದೋ ಹಳೆಯ ಪುಸ್ತಕದಿಂದ ಬರೆದುಕೊಂಡ ಎರಡೇ ತುಂಡು ಪದ: 'ಮ್ಯಾಟ್. ವೆಸ್ಟ್‌ಮ್.' ಅದನ್ನು ಬಿಡಿಸಿ ಪೂರ್ತಿ ಹೆಸರು ಹಾಕಿ ಹುಡುಕಿದೆ, ನಮ್ಮ ಫೋಲಿಯೊ ಸಿಕ್ಕಿತು. ಫೋಮ್ ದಿಂಬಿನ ಮೇಲೆ ಅದನ್ನು ತೆರೆದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಮೊದಲು ಆ ರೆಕ್ಕೆಯ ಕುದುರೆಯನ್ನು ತುಂಬ ಹೊತ್ತು ನೋಡಿದರು.