ಬಯಾಸ್ ಸರಿಯಿದೆಯಾ? ಎಮಿಟರ್ ವೋಲ್ಟೇಜ್ ಅಳೆಯಿರಿ

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನ ಬಯಾಸ್ (ಸಿಗ್ನಲ್ ಇಲ್ಲದಾಗ ಇರೋ ಸ್ಥಿರ ಕರೆಂಟ್, ವೋಲ್ಟೇಜ್) ನೋಡೋಕೆ ಕಲೆಕ್ಟರ್ ಕಾಲು ಬಿಚ್ಚಿ ಕರೆಂಟ್ ಅಳೆಯಬೇಕಿಲ್ಲ. ಸಿಗ್ನಲ್ ಕೊಡದೆ ಎಮಿಟರ್‌ನಿಂದ ಗ್ರೌಂಡ್‌ಗೆ ವೋಲ್ಟೇಜ್ ಅಳೆದು ಎಮಿಟರ್ ರೆಸಿಸ್ಟರ್ ಬೆಲೆಯಿಂದ ಭಾಗಿಸಿ, ಕಲೆಕ್ಟರ್ ಕರೆಂಟ್ ಅಷ್ಟೇ. ಬೇಸ್ ಕರೆಂಟ್ ಇದರಲ್ಲಿ ನೂರಕ್ಕೊಂದು ಪಾಲೂ ಬರಲ್ಲ, ಬಿಟ್ಟುಬಿಡಿ. ಬಿಸಿ547 ಟ್ರಾನ್ಸಿಸ್ಟರ್, 12 ವೋಲ್ಟ್ ಸಪ್ಲೈ, ಬೇಸ್‌ಗೆ ಮೇಲೆ 47ಕೆ (ಕಿಲೋಓಮ್), ಕೆಳಗೆ 10ಕೆ, ಕಲೆಕ್ಟರ್‌ಗೆ 3.3ಕೆ, ಎಮಿಟರ್‌ಗೆ 1ಕೆ ಅಂತಿಟ್ಟುಕೊಳ್ಳಿ. ಎಮಿಟರ್‌ನಲ್ಲಿ ಸುಮಾರು 1.4 ವೋಲ್ಟ್ ಸಿಗುತ್ತೆ, ಅಂದರೆ 1.4 ಮಿಲಿಆಂಪ್. ಕಲೆಕ್ಟರ್ ಕರೆಂಟ್ ಎಷ್ಟೆಷ್ಟಾಗಬಹುದು ಅಂತ ತೋರಿಸೋ ಲೋಡ್ ಲೈನ್‌ನ ಮೇಲ್ತುದಿ, ಅಂದರೆ ಅತಿ ಹೆಚ್ಚು ಕರೆಂಟ್, 12 ಭಾಗಿಸು 4.3ಕೆ (3.3ಕೆ ಮತ್ತು 1ಕೆ ಸೇರಿ), 2.8 ಮಿಲಿಆಂಪ್. ಹಾಗಾಗಿ ನಾವು ನಟ್ಟನಡುವೆ ಇದ್ದೇವೆ, ಕಲೆಕ್ಟರ್‌ನಲ್ಲಿ 7.4 ವೋಲ್ಟ್ ಆಸುಪಾಸು ಇರಬೇಕು. ಅದನ್ನೂ ತಪ್ಪದೆ ನೋಡಿ, ಯಾಕಂದ್ರೆ ಎಮಿಟರ್ ರೆಸಿಸ್ಟರ್ ಓಪನ್ ಆಗಿದ್ದರೂ ಡಿಜಿಟಲ್ ಮೀಟರ್ ತನ್ನ ಮೂಲಕವೇ ಚೂರು ಕರೆಂಟ್ ಹರಿಸಿಕೊಂಡು 1.6 ವೋಲ್ಟ್ ಹತ್ತಿರ ತೋರಿಸಿ ಏಮಾರಿಸುತ್ತೆ. ಆಗ ಕಲೆಕ್ಟರ್‌ನಲ್ಲಿ ಪೂರ್ತಿ 12 ಇರುತ್ತೆ. ಕಲೆಕ್ಟರ್, ಎಮಿಟರ್ ನಡುವೆ 0.2 ವೋಲ್ಟ್ ಮಾತ್ರ ಇದ್ದರೆ ಸ್ಯಾಚುರೇಶನ್ (ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿರೋ ಸ್ಥಿತಿ); ಭಾಗಾಕಾರದ ಲೆಕ್ಕ ಅಲ್ಲಿ ನಡೆಯಲ್ಲ. ಬೇಸ್‌ಗೆ ಒಂದೇ ರೆಸಿಸ್ಟರ್ ಹಾಕಿ, ಎಮಿಟರ್ ನೇರ ಗ್ರೌಂಡ್ ಮಾಡಿರೋ ಸರ್ಕ್ಯೂಟ್‌ಗೂ ಇದು ಆಗಲ್ಲ. (ಬಿಸಿ547ರ ಗೇನ್, ಅಂದರೆ ಕಲೆಕ್ಟರ್ ಕರೆಂಟ್ ಬೇಸ್ ಕರೆಂಟಿನ ಎಷ್ಟು ಪಟ್ಟು ಅನ್ನೋದು, 110ರಿಂದ 800ರವರೆಗೆ ಏನು ಬೇಕಾದರೂ ಇರಬಹುದು, ಆ ಸರ್ಕ್ಯೂಟನ್ನೇ ಕೈಬಿಡೋದು ಒಳ್ಳೇದು.) ಇನ್ನು ಎಮಿಟರ್‌ಗೆ ಬೈಪಾಸ್ ಕೆಪಾಸಿಟರ್ (ಸಿಗ್ನಲನ್ನು ಎಮಿಟರ್ ರೆಸಿಸ್ಟರ್ ತಪ್ಪಿಸಿ ಗ್ರೌಂಡ್‌ಗೆ ಬಿಡೋದು) ಇದ್ದು, ಮುಂದಿನ ಸ್ಟೇಜ್ 3.3ಕೆ ಲೋಡ್ ಹಾಕುತ್ತಿದ್ದರೆ ಸಿಗ್ನಲ್‌ಗೆ ಕಾಣೋ ಲೋಡ್ 1.65ಕೆ ಮಾತ್ರ (ಎರಡು 3.3ಕೆ ಪ್ಯಾರಲಲ್), ಮೇಲ್ಗಡೆ 2.3 ವೋಲ್ಟ್‌ಗೇ ಕ್ಲಿಪ್ ಆಗುತ್ತೆ, ಅಂದರೆ ಸಿಗ್ನಲ್‌ನ ತುದಿ ಕತ್ತರಿಸಿಹೋಗುತ್ತೆ. ಅಂಥ ಕಡೆ ಕರೆಂಟನ್ನು ನಡುಮಧ್ಯಕ್ಕಿಂತ ತುಸು ಜಾಸ್ತಿಯೇ ಇಡಿ.