ಅಯಲ್ಕೂಟಂನಲ್ಲಿ ವಾರದ ಉಳಿತಾಯ ಎಷ್ಟು ಇಡಬೇಕು?

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಯಲ್ಕೂಟಂ, ಅಂದರೆ ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯಲ್ಲಿ ನೆರೆಮನೆಯ ಹೆಂಗಸರು ಸೇರಿ ಉಳಿತಾಯ, ಸಾಲ ನಡೆಸುವ ಗುಂಪು. ಕಾರ್ಯದರ್ಶಿಯಾದ ಮೊದಲ ವರ್ಷವೇ ನಾನು ಎಡವಿದೆ. ಸಭೆಯಲ್ಲಿ 14 ಜನರ ಎದುರು, "ವಾರಕ್ಕೆ 100 ರೂಪಾಯಿ, ಆಗ್ತದಲ್ವಾ?" ಎಂದು ಕೇಳಿದೆ. ಎಲ್ಲರೂ ಹೂಂ ಎಂದರು. ತೋಟದ ಮನೆಯವರು ಪಕ್ಕದಲ್ಲೇ ಕೂತಿರುವಾಗ "ನನಗಾಗದು" ಎನ್ನಲು ಯಾರಿಗೆ ಬಾಯಿ ಬರುತ್ತದೆ? ಮೂರನೇ ವಾರದಿಂದ ಬೀಡಿ ಕಟ್ಟುವ ಒಬ್ಬಳು ಬರುವುದನ್ನೇ ಬಿಟ್ಟಳು.

ಅವಳ ಜಗಲಿಗೆ ಹೋದೆ. ಮಡಿಲಲ್ಲಿ ಮೊರ, ಮಾತಾಡುವಾಗಲೂ ಬೆರಳು ನಿಲ್ಲಲಿಲ್ಲ. "ಮಜೂರಿ ಸಿಗುವುದು ಶನಿವಾರ. ನಿಮ್ಮ ಸಭೆ ಗುರುವಾರ. ಅಷ್ಟೊತ್ತಿಗೆ ಅಕ್ಕಿ, ಮೀನು ಅಂತ ಮುಗಿದಿರ್ತದೆ ಅಕ್ಕಾ" ಎಂದಳು. ಸಭೆಯನ್ನು ಭಾನುವಾರಕ್ಕೆ ಹಾಕಿದೆವು. ಬಂದಳು.

ಹಾಗಾಗಿ ಮೊತ್ತ ಇಡುವ ಮೊದಲು ಮನೆಮನೆಗೆ ಹೋಗಿ ಕೇಳಿ: ದುಡ್ಡು ಯಾವಾಗ ಬರುತ್ತದೆ, ಯಾರ ಕೈಗೆ ಬರುತ್ತದೆ, ಯಾವ ತಿಂಗಳು ಬರುವುದೇ ಇಲ್ಲ? ತೋಟದ ಮನೆಯಲ್ಲಿ ದುಡ್ಡು ಜಾಸ್ತಿ, ಆದರೆ ಅಡಿಕೆ ಒಣಗಿಸಿ ಮಾರಿದ ಮೇಲೆ. ಅದೂ ಯಜಮಾನರ ಕೈಗೆ. ಹೆಂಗಸಿಗೆ ಹಾಲು ಮಾರಿದ್ದಷ್ಟೇ. ಬೀಡಿಯವಳದ್ದು ಕಡಿಮೆ, ಆದರೆ ಅವಳದ್ದೇ. ಟ್ರಾಲ್ ಬೋಟಿಗೆ, ಅಂದರೆ ಬಲೆ ಎಳೆದು ಮೀನು ಹಿಡಿಯುವ ಯಂತ್ರದ ದೋಣಿಗೆ, ಜೂನ್ 9ರ ರಾತ್ರಿಯಿಂದ ಜುಲೈ 31ರ ತನಕ ನಿಷೇಧ; ಅದರಲ್ಲಿ ಹೋಗುವವರ ಮನೆಗೆ ಆಗ ದುಡ್ಡು ಬರುವುದಿಲ್ಲ. ಆಗ ಕಂತು ಕೇಳಲೇಬೇಡಿ.

ಮೊತ್ತ ಇಡುವಾಗ ಎಲ್ಲರಿಗಿಂತ ಕಷ್ಟದಲ್ಲಿರುವವಳನ್ನು ನೆನಪಿಡಿ. ನಮ್ಮದು ಈಗ 20 ರೂಪಾಯಿ. ಜಾಸ್ತಿ ಹಾಕುವವರು ಹಾಕಲಿ. ಸಭೆಯಲ್ಲಿ ಒಟ್ಟು ಮೊತ್ತ ಮಾತ್ರ ಜೋರಾಗಿ ಓದಿ, ಒಬ್ಬೊಬ್ಬರದ್ದು ಅವರವರ ಪಾಸ್‌ಬುಕ್ಕಿನಲ್ಲಿ ತೋರಿಸಿ. ಜಾಸ್ತಿ ಹಾಕಿದವರಿಗೇ ಸಾಲ ಮೊದಲು ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಆಸ್ಪತ್ರೆ, ಶಾಲೆ ಮೊದಲು, ಸ್ಕೂಟಿ ಆಮೇಲೆ.

ಬಡ್ಡಿಯನ್ನು ರೂಪಾಯಿಯಲ್ಲೇ ಹೇಳಿ. "ಶೇಕಡಾ" ಎಂದರೆ ಸುಮ್ನೆ ತಲೆ ಆಡಿಸುತ್ತಾರೆ. 5000 ಸಾಲ, ತಿಂಗಳಿಗೆ 100ಕ್ಕೆ 1 ರೂಪಾಯಿ, ತಿಂಗಳಿಗೆ 500 ಅಸಲು. ಮೊದಲ ತಿಂಗಳು ಬಡ್ಡಿ 50, ಮುಂದಿನದು 45. ಹತ್ತು ತಿಂಗಳಿಗೆ ಒಟ್ಟು 275.

ಮತ್ತೆ, ಲೆಕ್ಕದ ಪುಸ್ತಕ ಮಲಯಾಳದಲ್ಲಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿದ ಮೇಲೆಯೇ ಸಹಿ ತೆಗೆದುಕೊಳ್ಳಿ. "ಇಲ್ಲಿ ಹಾಕಿ" ಎಂದರೆ ಸಾಕು, ಹಾಕಿಬಿಡುತ್ತಾರೆ. ನನ್ನ ಅಮ್ಮ ಹಾಗೆ ಎಷ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಾಳೋ, ಅವಳಿಗೇ ಗೊತ್ತಿಲ್ಲ.